ಶಿರಸಿ–ಕುಮಟಾ ಬಸ್ಸಿಗೆ ವರ್ಷದ ಹಾಡುಗಳ ಪಟ್ಟಿ

ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ವರ್ಷದ ಮೆಚ್ಚಿನ ಹಾಡುಗಳನ್ನು ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸುಮಾರು 60 ಕಿ.ಮೀ. ದಾರಿ, ಎರಡು ತಾಸು ಹಿಡಿಯಿರಿ; ನಾಲ್ಕು ನಿಮಿಷದ 30 ಹಾಡು ಸಾಕು. 160 ಕೆಬಿಪಿಎಸ್‌ (ಧ್ವನಿಯ ಗುಣಮಟ್ಟದ ಅಳತೆ) ಇಟ್ಟರೆ ಹಾಡಿಗೆ 5 ಎಂಬಿಯಂತೆ ಒಟ್ಟು 150 ಎಂಬಿ. 320 ಇಟ್ಟರೆ ಜಾಗ ಇಮ್ಮಡಿ ಬೇಕು. ಬಸ್ಸಿನ ಎಂಜಿನ್ ಸದ್ದಿನಲ್ಲಿ ಆ ವ್ಯತ್ಯಾಸ ಕೇಳಿಸುವುದೂ ಅಷ್ಟಕ್ಕಷ್ಟೇ.

ಆಯ್ಕೆಗೆ, ವರ್ಷದ ಕೊನೆಗೆ ಆ್ಯಪ್ ಕೊಡುವ ಲೆಕ್ಕವನ್ನೇ ನಂಬಬೇಡಿ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಓಡಿದರೂ ಕೇಳಿದ ಲೆಕ್ಕವೇ; ಮಗು ಮಲಗಿಸಲು ಹಾಕಿದ ಲಾಲಿಯೂ ಮೇಲೆ ಬಂದು ಕೂರುತ್ತದೆ. ಅದರ ಬದಲು ತಿಂಗಳಿಗೆ ಮೂರು ಹಾಡು ಬೇರೆ ಪಟ್ಟಿಗೆ ಸೇರಿಸುತ್ತ ಬನ್ನಿ, ವರ್ಷಕ್ಕೆ 36. ಅದರಲ್ಲಿ ಆರು ತೆಗೆಯುವುದೇ ಸಂಕಟ. ರೀಲ್ಸ್‌ನಲ್ಲಿ ಹಿಡಿಸಿದ ಹಾಡನ್ನು ಮೊದಲು ಪೂರ್ತಿ ಕೇಳಿ: ಎಷ್ಟೋ ಸಲ ಅಲ್ಲಿರುವುದು ವೇಗ ಹೆಚ್ಚಿಸಿದ ತುಣುಕು, ಮೂಲ ಹಾಡು ತೆವಳುತ್ತಿರುತ್ತದೆ.

ಹಳೆಯ ಮೆಲೊಡಿ ಮುಗಿದ ಬೆನ್ನಿಗೇ ರ‍್ಯಾಪ್ ಬಂದರೆ ಕಿವಿ ಬೆಚ್ಚುತ್ತದೆ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ, ಎಲ್ಲ ಹಾಡಿನ ಸದ್ದೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹೊರಡುವ ಮುನ್ನ ಫ್ಲೈಟ್ ಮೋಡ್ ಹಾಕಿ ಒಂದೆರಡು ಹಾಡು ಓಡಿಸಿ ನೋಡಿ. ಸ್ಪಾಟಿಫೈಯಾದರೆ 30 ದಿನಕ್ಕೊಮ್ಮೆಯಾದರೂ ನೆಟ್ ಹಚ್ಚಬೇಕು, ಇಲ್ಲದಿದ್ದರೆ ಇಳಿಸಿಕೊಂಡದ್ದು ಓಡುವುದಿಲ್ಲ.