ಕೇಲ್ ಸೊಪ್ಪಿನ ಕಹಿ ಬಿಡಿಸಿದ್ದು ಹೀಗೆ

ಮಗಳು ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದಾಳೆ. ಹೋದ ತಿಂಗಳು ಬೆಂಗಳೂರಿನಿಂದ ರಾಯಚೂರಿಗೆ ಬರುವಾಗ ಎರಡು ಕಟ್ಟು ಕೇಲ್ ತಂದಳು. ಸೊಪ್ಪು ಅಂದ್ರೆ ಸೊಪ್ಪು, ಅದರಲ್ಲೇನು ಅಂತ ಮೆಂತ್ಯದ ಹಾಗೆ ಹೆಚ್ಚಿ ಒಗ್ಗರಣೆಗೆ ಹಾಕಿದೆ. ಎಷ್ಟು ಬೇಯಿಸಿದರೂ ನಾರು ನಾರು. ಮೇಲೆ ಕಹಿ. ಅತ್ತೆ ಒಂದು ತುತ್ತು ತಿಂದು, "ಇದು ಎಮ್ಮೆಗೆ ಹಾಕೋದಲ್ವಾ?" ಅಂದರು.

ಕೇಲ್ ಎಲೆಕೋಸಿನ ಜಾತಿಯದ್ದೇ, ಉಂಡೆ ಕಟ್ಟುವುದಿಲ್ಲ ಅಷ್ಟೆ. ಚಳಿಗೆ ಸಿಹಿಯಾಗುತ್ತದೆ, ಬಿಸಿಲಿಗೆ ಕಹಿ ಜಾಸ್ತಿ. ಆದರೆ ತಪ್ಪು ನನ್ನದೂ ಇತ್ತು. ನಡುವಿನ ದಂಟು ತೆಗೆದಿರಲಿಲ್ಲ.

ಎರಡನೇ ಕಟ್ಟಿನ ದಂಟು ಎಳೆದು ತೆಗೆದೆ. ಎಲೆ ಸಣ್ಣಗೆ ಹೆಚ್ಚಿ, ಕುದಿಯುವ ಉಪ್ಪುನೀರಲ್ಲಿ ಎರಡು ನಿಮಿಷ ಬಿಟ್ಟು, ಬಸಿದು ಹಿಂಡಿದೆ. ನೀರಿನ ಜೊತೆ ಒಂದಿಷ್ಟು ವಿಟಮಿನ್ ಸಿ ಹೋಗುತ್ತದೆ, ನಿಜ. ಕಹಿಯೂ ಹೋಯಿತಲ್ಲ!

ಆಮೇಲೆ ನಮ್ಮ ಪುಂಡಿಪಲ್ಯದ, ಅಂದ್ರೆ ಗೋಂಗುರ ಸೊಪ್ಪಿನ ಪಲ್ಯದ, ದಾರಿ. ತೊಗರಿಬೇಳೆ, ನೆನೆಸಿದ ಜೋಳದ ನುಚ್ಚು, ಒಂದು ಹಿಡಿ ಶೇಂಗಾ, ಹಸಿಮೆಣಸಿನಕಾಯಿ ಬೇಯಿಸಿ, ಸೊಪ್ಪು ಸೇರಿಸಿ ಮಸೆದೆ. ರುಚಿ ನೋಡಿದರೆ ಸಪ್ಪೆ. ಪುಂಡಿಗೆ ಹುಳಿ ಅದರಲ್ಲೇ ಇರುತ್ತದೆ, ಕೇಲ್‌ಗೆ ಎಲ್ಲಿಂದ ಬರಬೇಕು? ನಿಂಬೆಗಾತ್ರದ ಹುಣಸೆ ಹಿಂಡಿದೆ. ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ, ಕೈ ಬಿಗಿ ಹಿಡಿಯದೆ.

ಬಿಸಿ ಜೋಳದ ರೊಟ್ಟಿಗೆ ಅತ್ತೆ ಎರಡು ಸಲ ಹಾಕಿಸಿಕೊಂಡರು. ಎಮ್ಮೆಯ ಮಾತು ಎತ್ತಲಿಲ್ಲ. ದಂಟನ್ನೂ ಎಸೆಯಲಿಲ್ಲ, ಹುರಿದು ಶೇಂಗಾ ಜೊತೆ ಚಟ್ನಿ ರುಬ್ಬಿದೆ.