ಮನೆಮಂದಿಯೆಲ್ಲ ರೈಲಿನಲ್ಲೇ ಟೋಕಿಯೋ ಸುತ್ತುವುದು ಹೇಗೆ?

ಟೋಕಿಯೋ ರೈಲಿನ ಮ್ಯಾಪ್ ಮೊದಲ ಸಲ ನೋಡಿದರೆ ತಲೆ ಗಿರ್ ಅನ್ನುತ್ತದೆ. ಸುರಂಗದ ಲೈನುಗಳೇ 13. ಅದರ ಮೇಲೆ ಜೆಆರ್ (ಜಪಾನ್ ರೈಲ್ವೇಸ್) ರೈಲು, ಖಾಸಗಿ ಕಂಪನಿಗಳ ರೈಲು, ಮೋನೋರೈಲು, ಜೊತೆಗೆ ಒಂದು ಹಳೇ ಟ್ರಾಮು. ಇದನ್ನೆಲ್ಲ ಕಲಿತೇ ಹೋಗುತ್ತೇನೆ ಅಂತ ಕೂತರೆ ವೀಸಾ ಬರುವ ಮೊದಲೇ ಸುಸ್ತಾಗುತ್ತದೆ. ಅಷ್ಟೆಲ್ಲ ಬೇಕಾಗಿಲ್ಲ. ಜೆಆರ್‌ನ ಹಸಿರು ಬಣ್ಣದ ಯಾಮಾನೋತೆ ಲೈನ್ ಒಂದನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ, ಮಿಕ್ಕಿದ್ದರಲ್ಲಿ ದಿನಕ್ಕೆ ಒಂದೇ ಲೈನು ಹಿಡಿಯಿರಿ. ನೋಡಲೇಬೇಕಾದ ಇಷ್ಟು ಜಾಗ, ಅಷ್ಟು ಜಾಗ ಅಂತ ಪಟ್ಟಿ ಇಟ್ಟುಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಓಡಿದರೆ ಮೂರನೇ ದಿನ ಅಜ್ಜಿಯ ಮಂಡಿ, ಮಕ್ಕಳ ಮೂಡು ಎರಡೂ ಕೆಡುತ್ತವೆ.

ಯಾವಾಗ, ಎಲ್ಲಿ ಇಳಿಯುವುದು

ನಮ್ಮ ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲ್ 29ರಿಂದ ಮೇ 5ರವರೆಗಿನ ದಿನಗಳನ್ನು ತಪ್ಪಿಸಿ. ಅದು ಜಪಾನಿನ ಗೋಲ್ಡನ್ ವೀಕ್, ಇಡೀ ದೇಶವೇ ಪ್ರವಾಸಕ್ಕೆ ಹೊರಟಿರುತ್ತದೆ. ಜೂನ್‌ನಲ್ಲಿ ಮಳೆ, ಆಗಸ್ಟ್‌ನಲ್ಲಿ ಬೆವರು. ನನ್ನ ಕೇಳಿದರೆ ದಸರಾ ರಜೆಯೇ ಸರಿ.

ಬೆಂಗಳೂರಿನಿಂದ ನರೀತಾಗೆ ನೇರ ವಿಮಾನ ಇದೆ. ನರೀತಾ ಅಂದರೆ ಟೋಕಿಯೋ ಅಲ್ಲ, ಊರು ಅಲ್ಲಿಂದ ಸುಮಾರು 60 ಕಿಲೋಮೀಟರ್. ಅದಕ್ಕೇ ರೂಮನ್ನು ಉಎನೋ ಹತ್ತಿರ ಮಾಡಿ ಅನ್ನುತ್ತೇನೆ. ಸ್ಕೈಲೈನರ್ ರೈಲು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಉಎನೋ. ಸೀಟು ರಿಸರ್ವ್ ಆಗಿರುತ್ತದೆ, ಸೂಟ್‌ಕೇಸಿಗೂ ಜಾಗ ಇರುತ್ತದೆ. ಯಾಮಾನೋತೆ ಲೈನು ಅಲ್ಲೇ, ಗಿಂಜಾ ಲೈನೂ ಅಲ್ಲೇ, ಪಕ್ಕದಲ್ಲೇ ದೊಡ್ಡ ಪಾರ್ಕು, ಅದರೊಳಗೆ ಝೂ, ಮ್ಯೂಸಿಯಂಗಳು. ರೂಮು ಬುಕ್ ಮಾಡುವಾಗ ಸ್ಟೇಷನ್‌ನಿಂದ ಎಷ್ಟು ನಿಮಿಷದ ನಡಿಗೆ ಅಂತ ನೋಡಿ, ಐದು ನಿಮಿಷ ದಾಟಿದರೆ ಬೇರೆ ಹುಡುಕಿ. ರೂಮುಗಳು ಚಿಕ್ಕವು. ನಾಲ್ಕೈದು ಜನ ಒಟ್ಟಿಗೇ ಇರಬೇಕಾದರೆ ಪುಟ್ಟ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹೋಟೆಲ್ ವಾಸಿ. ರಾತ್ರಿ ಒಂದು ಅನ್ನ-ಸಾರು ಆದರೆ ಮನೆಯವರೆಲ್ಲ ಸಮಾಧಾನವಾಗಿರುತ್ತಾರೆ, ಅಲ್ವಾ? ಆದರೆ ತಾಜಾ ಕರಿಬೇವು, ಹಣ್ಣು, ಸೊಪ್ಪು ಬ್ಯಾಗಿಗೆ ಹಾಕಬೇಡಿ, ಏರ್‌ಪೋರ್ಟಿನ ಕ್ವಾರಂಟೈನ್‌ನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಕಾರ್ಡು: ತಲೆಗೊಂದು

ದುಡ್ಡು ತುಂಬಿ ಗೇಟಿಗೆ ತಟ್ಟುವ ಕಾರ್ಡು ಬೇಕು. ಸುಯಿಕಾ ಅಥವಾ ಪಾಸ್ಮೋ, ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಜೆಆರ್, ಮೆಟ್ರೋ, ಬಸ್ಸು, ರಸ್ತೆ ಬದಿಯ ಜ್ಯೂಸ್ ಮೆಷಿನ್‌ವರೆಗೆ ಎಲ್ಲ ಕಡೆ ಒಂದೇ ಕಾರ್ಡು ತಟ್ಟಿದರಾಯಿತು. ಪ್ರವಾಸಿಗಳಿಗೆ ಅಂತಲೇ ವೆಲ್‌ಕಮ್ ಸುಯಿಕಾ ಇದೆ. ಅದಕ್ಕೆ ಡೆಪಾಸಿಟ್ ಇಲ್ಲ, 28 ದಿನ ನಡೆಯುತ್ತದೆ, ಮಿಕ್ಕ ದುಡ್ಡು ಮಾತ್ರ ವಾಪಸ್ ಬರುವುದಿಲ್ಲ. ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲು ಆಗುವುದಿಲ್ಲ, ಆದ್ದರಿಂದ ತಲೆಗೊಂದು ಬೇಕೇ ಬೇಕು.

ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಒಬ್ಬ ದೊಡ್ಡವರ ಜೊತೆ ಇಬ್ಬರು ಮಕ್ಕಳು ಫ್ರೀ. 6ರಿಂದ 11ರವರಿಗೆ ಅರ್ಧ ಚಾರ್ಜು. ಆದರೆ ಅದಕ್ಕೆ ಮಕ್ಕಳ ಕಾರ್ಡೇ ಆಗಬೇಕು. ಕೌಂಟರಿನಲ್ಲಿ ಮಗುವಿನ ಪಾಸ್‌ಪೋರ್ಟ್ ತೋರಿಸಿ ತೆಗೆದುಕೊಳ್ಳಿ. ಆ ಕಾರ್ಡು ತಟ್ಟಿದಾಗ ಗೇಟು ಮರಿಹಕ್ಕಿ ಕೂಗಿದ ಹಾಗೆ ಪಿಯೋ ಪಿಯೋ ಅನ್ನುತ್ತದೆ! ದೊಡ್ಡವರ ಕಾರ್ಡಿಗೆ ಬರೀ ಪಿಪ್. ಆ ಸದ್ದು ಕೇಳುವುದಕ್ಕೇ ಮಗು ಮತ್ತೊಂದು ರೈಲು ಹತ್ತೋಣ ಅಂತ ಹಟ ಹಿಡಿಯುತ್ತದೆ, ಸಿದ್ಧವಾಗಿರಿ.

ಸ್ಟೇಷನ್ ಮೆಷಿನ್‌ನಲ್ಲಿ ಕಾರ್ಡಿಗೆ ದುಡ್ಡು ತುಂಬಲು ಹೆಚ್ಚಾಗಿ ನೋಟೇ ಬೇಕು. ಸಾವಿರ ಯೆನ್ ನೋಟುಗಳು ಜೇಬಿನಲ್ಲಿರಲಿ. ಭಾಷೆ ಬದಲಿಸುವ ಬಟನ್ ಪರದೆಯ ಮೇಲೇ ಇದೆ. ದುಡ್ಡು ಸಾಲದಿದ್ದರೆ ಗೇಟು ಮುಚ್ಚಿಕೊಳ್ಳುತ್ತದೆ, ಗಾಬರಿ ಬೇಡ, ಗೇಟಿನ ಒಳಗಡೆಯೂ ತುಂಬುವ ಮೆಷಿನ್ ಇರುತ್ತದೆ.

ಯಾರಾದರೂ ದೇಶವೆಲ್ಲ ಸುತ್ತುವ ಜೆಆರ್ ಪಾಸ್ ತಗೊಳ್ಳಿ ಅಂದರೆ ಕೇಳಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650ರಿಂದ 50,000 ಯೆನ್‌ಗೆ ಹಾರಿತು. ಟೋಕಿಯೋ ಒಂದರಲ್ಲೇ ಇರುವವರಿಗೆ ಅದು ಸುಮ್ನೆ ದಂಡ. ಸುರಂಗದ ರೈಲನ್ನೇ ಜಾಸ್ತಿ ಬಳಸುವ ದಿನಗಳಿಗೆ ಟೋಕಿಯೋ ಸಬ್‌ವೇ ಟಿಕೆಟ್ ಒಳ್ಳೆಯದು. 24, 48, 72 ಗಂಟೆ ಅಂತ ಮೂರು ಥರ ಇದೆ. ಲೆಕ್ಕ ಗಂಟೆಯಲ್ಲಿ, ತಾರೀಖಿನಲ್ಲಲ್ಲ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿದರೆ ಮರುದಿನ ಮೂರರವರೆಗೆ ನಡೆಯುತ್ತದೆ. ಆದರೆ ಜೆಆರ್‌ ರೈಲಿನಲ್ಲಿ ಇದು ನಡೆಯುವುದಿಲ್ಲ.

ಮೊದಲ ದಿನ ಹಸಿರು ಲೈನು

ಗಡಿಯಾರ ಅಲ್ಲಿ ಮೂರೂವರೆ ಗಂಟೆ ಮುಂದೆ. ನಮ್ಮ ಬೆಳಿಗ್ಗೆ ಏಳು ಅಂದರೆ ಅಲ್ಲಿ ಹತ್ತೂವರೆ, ಹಾಗಾಗಿ ಮೊದಲೆರಡು ದಿನ ಮಕ್ಕಳು ಬೇಗ ಏಳುವುದಿಲ್ಲ. ಎಬ್ಬಿಸಬೇಡಿ. ಏಳೂವರೆಯಿಂದ ಒಂಬತ್ತರ ಆಫೀಸ್ ರಶ್ ತಾನಾಗಿ ತಪ್ಪುತ್ತದೆ.

ಯಾಮಾನೋತೆ ಊರಿನ ನಡುವನ್ನು ಸುತ್ತುವ ಲೈನು. 34.5 ಕಿಲೋಮೀಟರ್, 30 ಸ್ಟೇಷನ್, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಕೊನೆಯ ಸ್ಟೇಷನ್ ಅನ್ನುವುದೇ ಇಲ್ಲದ್ದರಿಂದ ತಪ್ಪು ದಿಕ್ಕಿಗೆ ಹತ್ತಿದರೂ ಸ್ವಲ್ಪ ತಡವಾಗಿ ತಲುಪುತ್ತೀರಿ, ಅಷ್ಟೇ. ಪ್ರತಿ ಸ್ಟೇಷನ್‌ಗೂ ಒಂದು ನಂಬರ್ ಇದೆ. ಟೋಕಿಯೋ ಸ್ಟೇಷನ್ ಜೆವೈ 01, ಉಎನೋ 05, ನಿಪ್ಪೊರಿ 07, ಶಿಂಜುಕು 17, ಶಿಬುಯಾ 20. ಹೆಸರು ಓದಲು ಬಾರದಿದ್ದರೂ ನಂಬರ್ ಏರುತ್ತಿದೆಯಾ, ಇಳಿಯುತ್ತಿದೆಯಾ ಅಂತ ನೋಡಿದರೆ ದಿಕ್ಕು ಗೊತ್ತಾಗುತ್ತದೆ. ಈ ಕೆಲಸವನ್ನು ಮನೆಯ ಚಿಕ್ಕವರಿಗೆ ಒಪ್ಪಿಸಿಬಿಡಿ, ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಉಎನೋದಲ್ಲಿ ಇಕೆಬುಕುರೋ ಕಡೆಯ ರೈಲು ಹತ್ತಿ. 11 ಬೋಗಿಗಳಲ್ಲಿ ತೀರಾ ಮುಂದಿನದ್ದಕ್ಕೆ ಹೋಗಿ ಡ್ರೈವರ್ ಹಿಂದಿನ ಗಾಜಿಗೆ ಮಕ್ಕಳನ್ನು ನಿಲ್ಲಿಸಿ. ಬಿಳಿ ಗ್ಲೌಸ್ ಹಾಕಿದ ಆ ಮನುಷ್ಯ ಒಂದೊಂದು ಸಿಗ್ನಲ್ ಬಂದಾಗಲೂ ಬೆರಳು ಚಾಚಿ ತೋರಿಸಿ, ಬಾಯಲ್ಲೂ ಹೇಳಿಕೊಳ್ಳುತ್ತಾರೆ. ಟೈಮ್‌ಟೇಬಲ್ ಚೀಟಿಯ ಮೇಲೆ ಬೆರಳು ಓಡಿಸುತ್ತಾರೆ. ಯಾರೂ ನೋಡದಿದ್ದರೂ ಅಷ್ಟೇ ನಿಷ್ಠೆ. ಕಣ್ಣು, ಕೈ, ಬಾಯಿ ಮೂರೂ ಒಟ್ಟಿಗೆ ಕೆಲಸ ಮಾಡಿದರೆ ತಪ್ಪು ಕಡಿಮೆ ಅನ್ನುವುದು ಅಲ್ಲಿನ ರೈಲ್ವೆಯ ಹಳೇ ಪದ್ಧತಿ.

ಎರಡನೇ ಸ್ಟೇಷನ್ ನಿಪ್ಪೊರಿಯಲ್ಲೇ ಇಳಿಯಿರಿ. ಉತ್ತರದ ಗೇಟಿನಿಂದ ಹೊರಬಂದರೆ ಹಳಿಗಳ ಮೇಲೆ ಒಂದು ರಸ್ತೆ ಸೇತುವೆ. ಅದರ ಅಂಚಿನಲ್ಲಿ ರೈಲು ನೋಡುವವರಿಗೇ ಅಂತ ನಿಲ್ಲುವ ಜಾಗ ಮಾಡಿದ್ದಾರೆ. ಕೆಳಗೆ ಯಾಮಾನೋತೆ, ಸ್ಕೈಲೈನರ್, ಶಿಂಕನ್ಸೆನ್ ಅನ್ನುವ ಬುಲೆಟ್ ರೈಲು ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತವೆ. ದುಡ್ಡು ಕೊಡಬೇಕಿಲ್ಲ. ಅರ್ಧ ಗಂಟೆ ಅಂದುಕೊಂಡು ಹೋದವರು ಒಂದೂವರೆ ಗಂಟೆಗೂ ಕದಲುವುದಿಲ್ಲ.

ಮುಂದೆ ಸುಗಾಮೋ. ಇದು ಹಿರಿಯರ ಪೇಟೆ. ಹರಾಜುಕುವಿಗೆ ಹರೆಯದವರು ಹೋದ ಹಾಗೆ ಇಲ್ಲಿಗೆ ಟೋಕಿಯೋದ ಅಜ್ಜಿಯರು ಬರುತ್ತಾರೆ. ಬೀದಿ ಸಮತಟ್ಟು, ಅಂಗಡಿಯವರಿಗೂ ಅವಸರ ಇಲ್ಲ. ಅದರ ಮುಂದಿನ ಸ್ಟೇಷನ್ ಓತ್ಸುಕಾ. ಅಲ್ಲಿ ಯಾಮಾನೋತೆ ಹಳಿಯ ಕೆಳಗೇ ಹಳೇ ಟ್ರಾಮು ಹಾದುಹೋಗುತ್ತದೆ, ಮನೆಗಳ ಹಿತ್ತಿಲಿಗೆ ತಾಗಿಕೊಂಡೇ ಓಡುತ್ತದೆ. ಶಕ್ತಿ ಇದ್ದರೆ ಹತ್ತಿ. ಇಲ್ಲದಿದ್ದರೆ ಹಸಿರು ಲೈನಿನಲ್ಲೇ ಹರಾಜುಕು, ಅಲ್ಲಿ ಮೇಜಿ ದೇಗುಲದ ಕಾಡಿನ ದಾರಿ, ಆಮೇಲೆ ಶಿಬುಯಾ. ಒಂದು ದಿನಕ್ಕೆ ಅದು ಸಾಕು, ನಿಜವಾಗಿಯೂ.

ಒಂದು ಖಾಲಿ ನೋಟ್‌ಬುಕ್ ಬ್ಯಾಗಿನಲ್ಲಿರಲಿ. ಹೆಚ್ಚಿನ ಜೆಆರ್ ಸ್ಟೇಷನ್‌ಗಳಲ್ಲಿ ಗೇಟಿನ ಹತ್ತಿರ ಆ ಸ್ಟೇಷನ್ನಿನದೇ ರಬ್ಬರ್ ಸ್ಟ್ಯಾಂಪ್ ಇಟ್ಟಿರುತ್ತಾರೆ. ಫ್ರೀ.

ಮಿಕ್ಕ ದಿನಗಳು

ಗಿಂಜಾ ಲೈನು ಏಷ್ಯಾದ ಮೊದಲ ಸುರಂಗ ರೈಲು. 1927ರ ಡಿಸೆಂಬರ್‌ನಲ್ಲಿ ಉಎನೋ ಮತ್ತು ಅಸಾಕುಸಾ ನಡುವೆ ಶುರುವಾಯಿತು. ಈಗಲೂ ಬೋಗಿಗೆ ಅದೇ ಹಳದಿ ಬಣ್ಣ. ಬೆಳಿಗ್ಗೆ ಅಸಾಕುಸಾ ತುದಿಗೆ ಹೋಗಿ ಸೆನ್ಸೋಜಿ ದೇವಸ್ಥಾನ ನೋಡಿ, ನದಿ ದಾಟಿದರೆ 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರ. ಸಂಜೆ ಅದೇ ಲೈನಿನ ಇನ್ನೊಂದು ತುದಿಗೆ ಬನ್ನಿ. ಶಿಬುಯಾ ಇರುವುದು ತಗ್ಗಿನಲ್ಲಿ, ರೈಲು ಮಾತ್ರ ತನ್ನ ಮಟ್ಟದಲ್ಲೇ ಬರುತ್ತದೆ. ಹಾಗಾಗಿ ನೆಲದಡಿಯ ರೈಲು ಬಂದು ನಿಲ್ಲುವುದು ಕಟ್ಟಡದ ಮೂರನೇ ಮಹಡಿಯಲ್ಲಿ!

ಇನ್ನೊಂದು ದಿನ ಯುರಿಕಮೋಮೆ. ಶಿಂಬಾಶಿಯಿಂದ ಹೊರಡುವ ಈ ರೈಲಿಗೆ ಡ್ರೈವರ್ ಇಲ್ಲ. ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಕಾದರೂ ಪರವಾಗಿಲ್ಲ, ಮುಂದಿನ ಸೀಟೇ ಹಿಡಿಯಿರಿ. ರೇನ್‌ಬೋ ಸೇತುವೆ ಹತ್ತುವ ಮೊದಲು ಅದು ಒಂದು ಪೂರ್ತಿ ಸುತ್ತು ಹೊಡೆಯುತ್ತದೆ, ಎದುರಿಗೆ ಕೊಲ್ಲಿಯ ನೀರು. ಇದು ಬೇರೆ ಕಂಪನಿಯ ರೈಲು, ಸಬ್‌ವೇ ಟಿಕೆಟ್ ನಡೆಯುವುದಿಲ್ಲ.

ರೈಲಿನ ಹುಚ್ಚಿರುವ ಮಕ್ಕಳಿದ್ದರೆ ಓಮಿಯಾದ ರೈಲ್ವೆ ಮ್ಯೂಸಿಯಂಗೆ ಒಂದು ಇಡೀ ದಿನ ಕೊಡಿ. ಮಂಗಳವಾರ ರಜೆ.

ಶಿಂಜುಕು ಬಗ್ಗೆ ಒಂದು ಮಾತು. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಸ್ಟೇಷನ್ ಅದು, ಹೊರಗೆ ಹೋಗುವ ದಾರಿಗಳೇ 200ಕ್ಕೂ ಜಾಸ್ತಿ. ನಮ್ಮ ಮೆಜೆಸ್ಟಿಕ್ ಮೆಟ್ರೋ, ರೈಲ್ವೆ ಸ್ಟೇಷನ್, ಎರಡೂ ಬಸ್ ಸ್ಟ್ಯಾಂಡ್ ಎಲ್ಲವನ್ನೂ ಒಂದೇ ಸೂರಿನಡಿ ತುರುಕಿ ನೆಲದಡಿಗೆ ಇಳಿಸಿದರೆ ಹೇಗಿರುತ್ತದೋ ಹಾಗೆ. ರೈಲಿನಿಂದ ಇಳಿಯುವ ಮೊದಲೇ ಯಾವ ಎಕ್ಸಿಟ್ ಅಂತ ಫೋನಿನಲ್ಲಿ ನೋಡಿಟ್ಟುಕೊಳ್ಳಿ, ಆಮೇಲೆ ಹಳದಿ ಬೋರ್ಡನ್ನು ಬಿಟ್ಟು ಬೇರೇನೂ ನೋಡಬೇಡಿ. ಪಶ್ಚಿಮದ ಕಡೆ ಹೋದರೆ ಟೋಕಿಯೋ ಸರ್ಕಾರದ ಕಚೇರಿಯ 45ನೇ ಮಹಡಿ, 202 ಮೀಟರ್ ಮೇಲಿಂದ ಊರು ಕಾಣುತ್ತದೆ. ಟಿಕೆಟ್ ಇಲ್ಲ.

ಗುಂಪು ಚೆದುರದಂತೆ

ಬಾಗಿಲು ಮುಚ್ಚುವ ಹೊತ್ತಿಗೆ ಮನೆಯವರಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಆಗುವುದು ಮಾಮೂಲಿ. ಮೊದಲೇ ನಿಯಮ ಮಾಡಿ: ಒಳಗಿರುವವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಹೊರಗಿರುವವರು ಮುಂದಿನ ರೈಲಿಗೆ ಬರಬೇಕು, ಯಾರೂ ವಾಪಸ್ ಬರಬಾರದು. ಪ್ಲಾಟ್‌ಫಾರ್ಮ್ ನೆಲದ ಮೇಲೆ ಬೋಗಿ ನಂಬರ್, ಬಾಗಿಲ ನಂಬರ್ ಬರೆದಿರುತ್ತದೆ. ಅದೇ ನಂಬರಿನ ಹತ್ತಿರ ಕಾದರೆ ಹುಡುಕಾಟ ಇಲ್ಲ. ಹೋಟೆಲಿನ ಕಾರ್ಡು ಪ್ರತಿಯೊಬ್ಬರ ಜೇಬಿನಲ್ಲೂ ಇರಲಿ.

ಲಿಫ್ಟ್ ಎಲ್ಲ ಎಕ್ಸಿಟ್‌ನಲ್ಲೂ ಇರುವುದಿಲ್ಲ. ಮಂಡಿನೋವಿನವರು, ಸ್ಟ್ರಾಲರ್ ಇರುವವರು ಲಿಫ್ಟ್ ಚಿಹ್ನೆ ಹಿಡಿದೇ ಹೋಗಬೇಕು, ಎರಡು ನಿಮಿಷ ಜಾಸ್ತಿ ನಡೆದರೂ ಸರಿ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ. ರೈಲಿನೊಳಗೆ ಫೋನಿನಲ್ಲಿ ಮಾತಾಡುವುದಿಲ್ಲ, ಊರಿನಿಂದ ಕಾಲ್ ಬಂದರೆ ಇಳಿದ ಮೇಲೆ ಮಾಡಿ. ತಿಂಡಿ ಪೊಟ್ಟಣವೂ ಬೇಡ, ನೀರು ಪರವಾಗಿಲ್ಲ. ಕಸದ ಬುಟ್ಟಿ ಎಲ್ಲೂ ಸಿಗುವುದಿಲ್ಲ, ಒಂದು ಕವರ್ ಇಟ್ಟುಕೊಳ್ಳಿ.

ಸಸ್ಯಾಹಾರಿಗಳ ಹೊಟ್ಟೆ

ಇಲ್ಲಿ ಸ್ವಲ್ಪ ಕಷ್ಟ ಇದೆ. ಮಾಂಸ ಬೇಡ ಅಂದರೆ ಸಾಲದು, ದಾಶಿ ಅನ್ನುವ ಮೀನಿನ ಸಾರ ನೂಡಲ್ಸಿನ ನೀರಿನಲ್ಲೂ, ಮಿಸೋ ಸೂಪಿನಲ್ಲೂ ಇರುತ್ತದೆ. ಅಂಗಡಿಗಳಲ್ಲಿ ಸಿಗುವ ಅನ್ನದ ಉಂಡೆಗಳಲ್ಲಿ ಉಪ್ಪು ಹಾಕಿದ ಪ್ಲಮ್ ಹಣ್ಣಿನದ್ದು ಕೇಳಿ ತಗೊಳ್ಳಿ. ಅದಕ್ಕೂ ಒಮ್ಮೆ ಫೋನ್ ಕ್ಯಾಮೆರಾದಲ್ಲಿ ಲೇಬಲ್ ಅನುವಾದ ಮಾಡಿ ನೋಡುವುದು ಒಳ್ಳೆಯದು. ನಾಲಿಗೆ ತೀರಾ ಬೇಸತ್ತ ದಿನ ತೋಜಾಯ್ ಲೈನ್ ಹಿಡಿದು ನಿಶಿ ಕಸಾಯ್‌ಗೆ ಹೋಗಿ, ಸ್ಟೇಷನ್ ನಂಬರ್ ಟಿ 16. ಭಾರತದ ಐಟಿ ಕುಟುಂಬಗಳು ನೆಲೆಸಿದ ಜಾಗ, ನಮ್ಮ ದಿನಸಿ ಅಂಗಡಿ, ಹೋಟೆಲ್ ಎರಡೂ ಇವೆ. ಹಿಂದಿನ ಟೇಬಲ್ಲಿನಿಂದ ಕನ್ನಡ ಕೇಳಿಸಿದರೂ ಆಶ್ಚರ್ಯ ಇಲ್ಲ. ಊಟ ಆದ ಮೇಲೆ ಮುಂದಿನ ಸ್ಟೇಷನ್ ಕಸಾಯ್, ಅಲ್ಲಿ ಹಳಿಗಳ ಕೆಳಗೇ ಮೆಟ್ರೋ ಮ್ಯೂಸಿಯಂ. ಮಕ್ಕಳು ರೈಲು ಓಡಿಸುವ ಸಿಮ್ಯುಲೇಟರ್ ಇದೆ. ಸೋಮವಾರ ಮುಚ್ಚಿರುತ್ತದೆ.

ವಾಪಸ್ ಬರುವಾಗ

ರಾತ್ರಿಯಿಡೀ ರೈಲು ಓಡುವುದಿಲ್ಲ, ಹೆಚ್ಚು ಕಡಿಮೆ ಹನ್ನೆರಡೂವರೆಗೆ ಎಲ್ಲ ಬಂದ್. ಟ್ಯಾಕ್ಸಿ ತುಂಬಾ ದುಬಾರಿ, ಆದ್ದರಿಂದ ಹನ್ನೊಂದಕ್ಕೇ ಹೊರಡಿ. ಊರಿಗೆ ಹೊರಡುವ ದಿನದ ಸ್ಕೈಲೈನರ್ ಟಿಕೆಟ್ ಹಿಂದಿನ ದಿನವೇ ತೆಗೆದಿಡಿ. ಸ್ಕೈಲೈನರ್ ಓಡಿಸುವ ಕೇಸೇ ಕಂಪನಿಯ ಉಎನೋ ಸ್ಟೇಷನ್ ಬೇರೆ, ಜೆಆರ್ ಉಎನೋ ಬೇರೆ. ನಡುವೆ ಕೆಲವು ನಿಮಿಷದ ನಡಿಗೆ. ಶಿಂಜುಕು ಕಡೆ ಉಳಿದವರು ಸೂಟ್‌ಕೇಸ್ ಎಳೆದುಕೊಂಡು ಅಲ್ಲಿಗೆ ಹೋಗುವ ಬದಲು ನಿಪ್ಪೊರಿಯಲ್ಲಿ ಬದಲಿಸುವುದು ಸುಲಭ. ವೆಲ್‌ಕಮ್ ಸುಯಿಕಾದಲ್ಲಿ ಉಳಿದ ಚಿಲ್ಲರೆಯನ್ನು ಏರ್‌ಪೋರ್ಟ್ ಅಂಗಡಿಯಲ್ಲಿ ಖರ್ಚು ಮಾಡಿ. ಕಾರ್ಡಿನಲ್ಲಿ ಇದ್ದಷ್ಟು ಮುರಿದುಕೊಂಡು ಬೆಲೆಯಲ್ಲಿ ಮಿಕ್ಕಿದ್ದನ್ನು ನನ್ನಿಂದ ನಗದಾಗಿ ತೆಗೆದುಕೊಳ್ಳಿ ಅಂದರೆ ಅಂಗಡಿಯವರು ಸಾಮಾನ್ಯವಾಗಿ ಒಪ್ಪುತ್ತಾರೆ.