ಫ್ಲೆಚರ್ ಹೆಂಡರ್ಸನ್ ಅವರ ಬದುಕನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವ ಬಗೆ

ಅಮೆರಿಕದ ಜಾಜ್ ವಾದ್ಯವೃಂದಗಳ ಮೊದಲ ತಲೆಮಾರಿನ ನಾಯಕರಾದ ಫ್ಲೆಚರ್ ಹೆಂಡರ್ಸನ್ ಅವರನ್ನು ಅರಿಯಬಯಸುವವರು ಒಂದೇ ಕೃತಿಯ ಎರಡು ಧ್ವನಿಮುದ್ರಣಗಳಿಂದ ಆರಂಭಿಸುವುದು ಒಳಿತು. ಜೆಲ್ಲಿ ರೋಲ್ ಮಾರ್ಟನ್ ರಚಿಸಿದ ‘ಕಿಂಗ್ ಪೋರ್ಟರ್ ಸ್ಟಾಂಪ್’ ಅನ್ನು ಹೆಂಡರ್ಸನ್ ತಂಡ 1928ರಲ್ಲಿ ನುಡಿಸಿದ್ದನ್ನು ಮೊದಲು ಕೇಳಿ. ಅನಂತರ ಬಿಳಿಯ ಕ್ಲ್ಯಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಂಡದ 1935ರ ಮುದ್ರಣವನ್ನು ಕೇಳಿ. ದೇಶದ ತರುಣರಲ್ಲಿ ಹುಚ್ಚೆಬ್ಬಿಸಿದ್ದು ಎರಡನೆಯದು, ಆದರೆ ಅದರ ವಾದ್ಯಸಂಯೋಜನೆಯೂ ಹೆಂಡರ್ಸನ್ ಅವರದೇ. ಈ ಎರಡು ತಟ್ಟೆಗಳ ನಡುವಿನ ಏಳು ವರ್ಷಗಳಲ್ಲಿ ನಡೆದುದೇನು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಕ್ಕೆ ಹೋಗಬೇಕು.

ಬಾಲ್ಯದ ವಿವರಗಳಿಗೆ ಹೆಚ್ಚು ಹೊತ್ತು ಬೇಡ. ಹೆಂಡರ್ಸನ್ 1897ರಲ್ಲಿ ಜಾರ್ಜಿಯಾ ರಾಜ್ಯದ ಕತ್‌ಬರ್ಟ್ ಎಂಬ ಊರಿನಲ್ಲಿ, ವಿದ್ಯಾವಂತ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿದರು. ತಾಯಿ ಪಿಯಾನೊ ಕಲಿಸುತ್ತಿದ್ದರು. ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, 1920ರಲ್ಲಿ ಅದೇ ವಿಷಯದಲ್ಲಿ ಮುಂದುವರಿಯಲು ನ್ಯೂಯಾರ್ಕಿಗೆ ಬಂದವರು ಅಲ್ಲಿ ಸಂಗೀತ ಪ್ರಕಾಶನದ ಕೆಲಸಕ್ಕೆ ಸೇರಿ, ಮರುವರ್ಷ ಕಪ್ಪು ಜನರದೇ ಒಡೆತನದ ಬ್ಲ್ಯಾಕ್ ಸ್ವಾನ್ ಧ್ವನಿಮುದ್ರಣ ಸಂಸ್ಥೆಯಲ್ಲಿ ಗಾಯಕಿಯರಿಗೆ ಪಿಯಾನೊ ನುಡಿಸತೊಡಗಿದರು. 1924ರಲ್ಲಿ ಅವರ ತಂಡಕ್ಕೆ ಬ್ರಾಡ್‌ವೇಯ ರೋಸ್‌ಲ್ಯಾಂಡ್ ನೃತ್ಯಶಾಲೆಯಲ್ಲಿ ನೆಲೆ ಸಿಕ್ಕಿತು. ಅಲ್ಲಿ ಕುಣಿಯಲು ಪ್ರವೇಶವಿದ್ದುದು ಬಿಳಿಯರಿಗೆ ಮಾತ್ರ ಎಂಬುದನ್ನು ಮರೆಯದಿರಿ, ಮುಂದಿನ ಕಥೆಗೂ ಇದಕ್ಕೂ ನಂಟಿದೆ.

ಇನ್ನು ಕಿವಿಗೆ ಕೆಲಸ. ಅದೇ ವರ್ಷದ ಅಕ್ಟೋಬರಿನಲ್ಲಿ ಮುದ್ರಿಸಿದ ‘ಕೋಪನ್‌ಹೇಗನ್’ ಅನ್ನು ಹಾಕಿಕೊಳ್ಳಿ. ಆಗ ಧ್ವನಿಮುದ್ರಣದಲ್ಲಿ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ವಾದಕರು ದೊಡ್ಡ ಕಹಳೆಯೊಂದರ ಮುಂದೆ ನಿಂತು ನುಡಿಸುತ್ತಿದ್ದುದರಿಂದ ಧ್ವನಿ ಡಬ್ಬದೊಳಗಿನಿಂದ ಬಂದಂತಿದ್ದರೆ ಬೇಸರಿಸಬೇಡಿ. ತಂಡದ ಲಯ ಕೊಂಚ ಬಿಗಿಯಾಗಿದೆ, ಪ್ರತಿಯೊಬ್ಬರೂ ಬರೆದುದನ್ನು ಬರೆದಂತೆ ನುಡಿಸುತ್ತಿದ್ದಾರೆ ಎನಿಸುವಷ್ಟರಲ್ಲಿ ಟ್ರಂಪೆಟ್ಟನ್ನು ಹೋಲುವ ಒಂದು ಕಾರ್ನೆಟ್ ತಾಳವನ್ನು ಹಿಡಿದೂ ಹಿಡಿಯದಂತೆ, ಸ್ವರಗಳನ್ನು ತುಸು ಹಿಂದಕ್ಕೆಳೆದು ಹಾಡುತ್ತದೆ. ಅದು ಆಗಷ್ಟೇ ಶಿಕಾಗೊದಿಂದ ಬಂದಿದ್ದ ಲೂಯಿ ಆರ್ಮ್‌ಸ್ಟ್ರಾಂಗ್. ಅವರು ತಂಡದಲ್ಲಿದ್ದುದು ಸುಮಾರು ಒಂದು ವರ್ಷ ಮಾತ್ರ. ಅಷ್ಟರಲ್ಲೇ ಉಳಿದವರ ನಡೆ ಎಷ್ಟು ಸಡಿಲಗೊಂಡಿತೆಂಬುದನ್ನು ತಿಳಿಯಲು 1925ರ ‘ಶುಗರ್ ಫುಟ್ ಸ್ಟಾಂಪ್’ ಅನ್ನು ಕೇಳಬೇಕು. ಅದರಲ್ಲಿ ಆರ್ಮ್‌ಸ್ಟ್ರಾಂಗ್ ತಮ್ಮ ಗುರು ಕಿಂಗ್ ಆಲಿವರ್ ಅವರ ಪ್ರಸಿದ್ಧ ವಾದನವನ್ನೇ ಎತ್ತಿಕೊಂಡು ನುಡಿಸುತ್ತಾರೆ.

ಒಂದೊಂದು ತಟ್ಟೆಯನ್ನೂ ಮೂರು ಬಾರಿ ಕೇಳುವುದು ನನ್ನ ಪದ್ಧತಿ. ಒಂದು ತಟ್ಟೆ ಮೂರು ನಿಮಿಷಕ್ಕೆ ಮುಗಿಯುವುದರಿಂದ ಇದು ಹೊರೆಯಲ್ಲ. ಮೊದಲ ಸಲ ಸ್ಯಾಕ್ಸೊಫೋನುಗಳ ಗುಂಪನ್ನೂ, ಎರಡನೆಯ ಸಲ ಟ್ರಂಪೆಟ್ ಮತ್ತು ಟ್ರೊಂಬೋನುಗಳೆಂಬ ಹಿತ್ತಾಳೆ ವಾದ್ಯಗಳ ಗುಂಪನ್ನೂ, ಮೂರನೆಯ ಸಲ ಒಂಟಿಯಾಗಿ ಮನೋಧರ್ಮದಿಂದ ನುಡಿಸುವವರನ್ನೂ ಹಿಂಬಾಲಿಸಿ. ಈ ಎರಡು ಗುಂಪುಗಳನ್ನು ಎದುರುಬದುರು ನಿಲ್ಲಿಸಿ, ನಮ್ಮ ಸವಾಲು ಜವಾಬಿನ ಹಾಗೆ ಮಾತಾಡಿಸುವ ಕ್ರಮವನ್ನು ರೂಪಿಸಿದವರಲ್ಲಿ ಹೆಂಡರ್ಸನ್ ತಂಡದ ಸ್ಯಾಕ್ಸೊಫೋನ್ ವಾದಕ ಡಾನ್ ರೆಡ್‌ಮನ್ ಮುಖ್ಯರು; ನಾಯಕನ ಹೆಸರಿನಲ್ಲಿ ಎಲ್ಲವೂ ಜಮೆಯಾಗುವುದು ವಾಡಿಕೆಯಾದ್ದರಿಂದ ಇದನ್ನು ಒತ್ತಿ ಹೇಳಬೇಕು. ರೆಡ್‌ಮನ್ 1927ರಲ್ಲಿ ತಂಡ ಬಿಟ್ಟರು. ಮರುವರ್ಷ ಹೆಂಡರ್ಸನ್ ಕಾರು ಅಪಘಾತದಲ್ಲಿ ಗಾಯಗೊಂಡರು. ಅವರು ಸೌಮ್ಯ ಸ್ವಭಾವದವರು. ವಾದಕರನ್ನು ಗುರುತಿಸುವ ಕಣ್ಣಿದ್ದಷ್ಟು ವ್ಯವಹಾರದ ಹಿಡಿತ ಅವರಿಗಿರಲಿಲ್ಲ.

ಅವರ ಸ್ವಂತ ಬರಹದ ಹದವನ್ನು ಕಾಣಲು 1934ರ ‘ರ‍್ಯಾಪಿನ್ ಇಟ್ ಅಪ್’ ಅನ್ನು ಆರಿಸಿಕೊಳ್ಳಿ. ಚಿಕ್ಕ ಪೀಠಿಕೆಯ ನಂತರ ನಾಲ್ಕು ಎಣಿಕೆಯ ಘಟ್ಟಗಳನ್ನು ಬೆರಳಲ್ಲಿ ಲೆಕ್ಕ ಹಾಕುತ್ತ ಹೋದರೆ, 32 ಘಟ್ಟಗಳಿಗೊಮ್ಮೆ ಸುತ್ತು ಮುಗಿಯುವುದು ತಿಳಿಯುತ್ತದೆ. ಮೊದಲ ಸುತ್ತಿನಲ್ಲಿ ಸ್ಯಾಕ್ಸೊಫೋನುಗಳು ಒಂದೇ ಕಂಠದಂತೆ ಹಾಡುತ್ತಿರಲು ಹಿತ್ತಾಳೆ ವಾದ್ಯಗಳು ನಡುವೆ ಚುಟುಕಾಗಿ ತಿವಿಯುತ್ತವೆ. ಒಂದು ಸ್ವರವೂ ಹೆಚ್ಚಾಗಿಲ್ಲ. ಇಷ್ಟು ಪಕ್ವವಾದ ತಂಡ ಅದೇ ವರ್ಷ ಹಣದ ಮುಗ್ಗಟ್ಟಿನಿಂದ ಚದುರಿತು. ಹತ್ತು ವರ್ಷಗಳಿಗೂ ಮಿಕ್ಕಿ ಜೊತೆಗಿದ್ದ ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ ಅಷ್ಟರಲ್ಲಾಗಲೇ ಯುರೋಪಿಗೆ ಹೊರಟುಹೋಗಿದ್ದರು. ಹೆಂಡರ್ಸನ್ ತಮ್ಮ ಸಂಯೋಜನೆಗಳನ್ನು ಗುಡ್‌ಮನ್ ಅವರಿಗೆ ಮಾರಿದರು. ರೇಡಿಯೋದ ಬಾಗಿಲು ಬಿಳಿಯ ನಾಯಕನಿಗೆ ಸುಲಭವಾಗಿ ತೆರೆಯಿತು, 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸಿನ ಪ್ಯಾಲೋಮಾರ್ ಸಭಾಂಗಣದಲ್ಲಿ ಜನ ಉಕ್ಕಿಬಂದುದು ಆ ಸಂಯೋಜನೆಗಳಿಗೇ. ಗುಡ್‌ಮನ್ ಈ ಋಣವನ್ನು ಮುಚ್ಚಿಡಲಿಲ್ಲ ಎಂಬುದನ್ನೂ ಹೇಳಬೇಕು.

1936ರಲ್ಲಿ ಶಿಕಾಗೊದಲ್ಲಿ ಹೊಸ ತಂಡ ಕಟ್ಟಿದ ಹೆಂಡರ್ಸನ್, 1939ರಲ್ಲಿ ಗುಡ್‌ಮನ್ ತಂಡದಲ್ಲೇ ಪಿಯಾನೊ ವಾದಕರಾಗಿ ಸೇರಿದರು. 1950ರಲ್ಲಿ ಪಾರ್ಶ್ವವಾಯು ಬಡಿದು, 1952ರ ಡಿಸೆಂಬರಿನಲ್ಲಿ ತೀರಿಕೊಂಡರು. ಈಗ ಮತ್ತೆ 1935ರ ‘ಕಿಂಗ್ ಪೋರ್ಟರ್ ಸ್ಟಾಂಪ್’ ಹಾಕಿ, ಕೊನೆಯ ನಿಮಿಷದಲ್ಲಿ ಎರಡು ಗುಂಪುಗಳು ಪರಸ್ಪರ ಕೂಗಿ ಉತ್ತರಿಸುವುದನ್ನು ಗಮನಿಸಿ; ಆ ಮಾತುಕತೆ 1928ರ ತಟ್ಟೆಯಲ್ಲಿ ಎಲ್ಲಿ ಕೇಳಿಸಿತ್ತೆಂದು ಹುಡುಕಿ.